ಇದು ಆಡು ಅಲ್ಲ

ಆ ಹುಡುಗಿ ನಾಲ್ಕನೇ ಕ್ಲಾಸು ದಾಟುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ನಮ್ಮ ಶಾಲೆಯ ಹೆಡ್‌ಮಾಸ್ಟರು. ಆಮೇಲೆ ಹೇಳಿದವಳು ಹುಡುಗಿಯ ಸ್ವಂತ ಅಜ್ಜಿ. ಹೆಡ್‌ಮಾಸ್ಟರು ಹಾಜರಿ ಕರೆಯುತ್ತಾ ಹೇಳಿದರು, ಅಜ್ಜಿ ರಾಗಿ ಕೇರುತ್ತಾ ಹೇಳಿದಳು. ಮಾತು ಇಬ್ಬರದೂ ಒಂದೇ ಆಗಿತ್ತು: "ಅದು ಆಗೋ ಮಾತಲ್ಲ ಬಿಡ್ರಿ ಟೀಚರಮ್ಮ."

ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಬೆಳೆದದ್ದೇ ಆ ಮಾತು ಕೇಳಿಕೊಂಡು. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಹತ್ತಿರ ನಮ್ಮೂರು. ಅಪ್ಪ ಅವ್ವ ಇಬ್ಬರೂ ಬೇರೆಯವರ ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲು ಅಂತ ದುಡಿದವರು. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಿಲ್ಲ, ಕೇಳುವವರಿಗೆ ಆಗಬಹುದು.

ಹೈಸ್ಕೂಲಿಗೆಂದು ಹೊನ್ನಾಳಿಯ ಹಾಸ್ಟೆಲ್ಲಿಗೆ ಟ್ರಂಕು ಹೊತ್ತು ಹೊರಟ ದಿನ, ಉಬ್ರಾಣಿಯಲ್ಲಿದ್ದ ನಮ್ಮ ಸೋದರಮಾವ ಬಸ್‌ಸ್ಟ್ಯಾಂಡಿಗೇ ಬಂದಿದ್ದ. ಕಳಿಸಿಕೊಡಲಿಕ್ಕಲ್ಲ, ಅವ್ವನ ಹತ್ತಿರ ಪಂಥ ಕಟ್ಟಲಿಕ್ಕೆ.

"ಅಕ್ಕಾ, ಇವಳು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ರೆ ನಾನು ಮೀಸೆ ಬೋಳಿಸ್ತೀನಿ ನೋಡು."

ಎಸ್ಸೆಸ್ಸೆಲ್ಸಿ ಆಯಿತು. "ಪಿಯುಸಿ ಮಾಡ್ಲಿ ನೋಡಾನ" ಅಂದ. ಅದೂ ಆಯಿತು. "ಡಿಗ್ರಿ ಅಂದ್ರೆ ಹುಡುಗಾಟಲ್ಲ ಕಣವ್ವ" ಅಂದ. ಬಿ.ಎ. ಮುಗಿಸಿ ಮನೆಗೆ ಬಂದಾಗ ಅವ್ವ ಅವನ ಮುಖ ನೋಡಿದಳು. ಮಾವ ಮೀಸೆಯ ಮೇಲೆ ಕೈಯಾಡಿಸಿ, "ಮೀಸೆ ನಂದು. ಬೋಳಿಸೋದು ಬಿಡೋದು ನನ್ನಿಷ್ಟ" ಅಂದ. ಸಾಯುವ ತನಕ ಬೋಳಿಸಲಿಲ್ಲ. ಅವನ ಮೇಲೆ ನನಗೆ ಸಿಟ್ಟೇನೂ ಉಳಿದಿಲ್ಲ. ಆದರೆ "ಆಗೋ ಮಾತಲ್ಲ" ಎಂದು ಯಾರು ಅಂದರೂ ಒಳಗೆ ಏನೋ ಎದ್ದು ನಿಲ್ಲುವುದು ಮಾತ್ರ ಇವತ್ತಿಗೂ ಹೋಗಿಲ್ಲ.

ಟೀಚರ್ ಟ್ರೇನಿಂಗೂ ಮುಗಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಜಗಳೂರು ತಾಲ್ಲೂಕಿನಲ್ಲಿ. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಆಗ ನಮ್ಮ ಚನ್ನಗಿರಿ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. ನಾಲೆಯ ನೀರಿನಲ್ಲಿ ಕಾಲಾಡಿಸಿ ಬೆಳೆದ ನನಗೆ ಆ ಕೆಂಪು ನೆಲ, ಜಾಲಿ ಮರ, ಪಾಪಾಸುಕಳ್ಳಿ, ಸಜ್ಜೆ ಹೊಲ ಎಲ್ಲವೂ ಹೊಸದು. ರಸ್ತೆಯಲ್ಲಿ ಬಸ್ಸಿಳಿದು ನಡೆದು ಹೋಗಬೇಕಾದ ಊರು. ಶಾಲೆಯೆಂದರೆ ಒಂದು ಕೋಣೆ, ಒಂದು ಜಗಲಿ, ನಾಲ್ಕು ಕ್ಲಾಸು, ಇಬ್ಬರು ಮೇಷ್ಟ್ರು. ಮೂರು ನಾಲ್ಕನೇ ಕ್ಲಾಸು ಹೆಡ್‌ಮಾಸ್ಟರಿಗೆ, ಒಂದು ಎರಡು ನನಗೆ. ಐದನೇ ಕ್ಲಾಸು ಬೇಕೆಂದರೆ ಪಕ್ಕದ ದೊಡ್ಡ ಊರಿಗೆ ನಡೆಯಬೇಕು.

ಆ ಹುಡುಗಿ ನಾಲ್ಕನೇ ಕ್ಲಾಸಿನಲ್ಲಿ ಎರಡನೇ ವರ್ಷ ಕೂತಿದ್ದಳು. ವಯಸ್ಸು ನೋಡಿ ಅಲ್ಲಿಯವರೆಗೆ ಮೇಲಕ್ಕೆ ತಳ್ಳಿದ್ದರೇ ಹೊರತು ಅವಳಿಗೆ ಅ ಆ ಇ ಈ ಕೂಡ ಬಾರದು. ಮಾತಂತೂ ಆಡುತ್ತಲೇ ಇರಲಿಲ್ಲ. ಹಾಜರಿ ಕರೆದಾಗಲೂ ಬಾಯಿ ಬಿಡದೆ ಕೈ ಎತ್ತುತ್ತಿದ್ದಳು. ವಾರದಲ್ಲಿ ಬರುವುದೇ ಒಂದೋ ಎರಡೋ ದಿನ.

ಯಾಕೆ ಕಳಿಸುವುದಿಲ್ಲ ಎಂದು ಕೇಳಲು ಅವರ ಮನೆಗೆ ಹೋದೆ. ಕುರಿ ಸಾಕುವ ಮನೆತನ. ಕೊಯ್ಲು ಮುಗಿಯುವ ಹೊತ್ತಿಗೆ ಹುಡುಗಿಯ ಅಪ್ಪ ಅವ್ವ ಹಿಂಡು ಹೊಡೆದುಕೊಂಡು ನಮ್ಮ ಭದ್ರಾ ನಾಲೆಯ ಗದ್ದೆ ಬಯಲಿಗೇ ಹೋಗುತ್ತಿದ್ದರಂತೆ. ಗೊಬ್ಬರಕ್ಕೆಂದು ಗದ್ದೆಯಲ್ಲಿ ರಾತ್ರಿಯೆಲ್ಲ ಕುರಿ ತರುಬಿ ನಿಲ್ಲಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಆ ಕುರಿಯವರಿಗೂ ಒಂದು ಮನೆ, ಮನೆಯಲ್ಲಿ ಒಬ್ಬ ಮಗಳು ಇರುತ್ತಾಳೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಮರಿಗಳು, ಕುಂಟುವ ಕುರಿಗಳು ಊರಲ್ಲೇ ಅಜ್ಜಿಯ ಹತ್ತಿರ ಉಳಿಯುತ್ತಿದ್ದವು. ಅವುಗಳ ಹಿಂದೆ ಹೋಗುವುದು ಈ ಹುಡುಗಿಯ ಕೆಲಸ.

"ಈ ವರ್ಷ ಪಾಸು ಮಾಡಿದ್ರೆ ಐದಕ್ಕೆ ಕಳಿಸ್ತೀಯೇನಜ್ಜಿ?" ಎಂದು ಕೇಳಿದೆ.

ಅಜ್ಜಿ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. "ಪಾಸು ಮಾಡಿದ್ರೆ ಕಳಿಸ್ತೀನವ್ವ, ಯಾಕೆ ಸುಳ್ಳು ಹೇಳ್ಲಿ. ಮಾಡ್ಲಿಲ್ಲ ಅಂದ್ರೆ ಸಾಲಿ ಸಾಕು, ಕುರಿ ಹಿಂದೆ ಹೋಗ್ಲಿ. ಆದ್ರೆ ಪಾಸಾಗೋದು ಆಗೋ ಮಾತಲ್ಲ ಬಿಡ್ರಿ ಟೀಚರಮ್ಮ. ಅದಕ್ಕೆ ಮಾತೇ ಬರಾದಿಲ್ಲ, ಅಕ್ಸರ ಹೆಂಗೆ ಬರ್ತಾವು?"

ಹುಡುಗಿ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಅವಳಿಗೆ ಅಕ್ಷರ ಕಲಿಸುವ ಉಪಾಯ ನನ್ನ ಹತ್ತಿರ ಇತ್ತೆಂದು ಹೇಳಿದರೆ ಅದು ಸುಳ್ಳು. ನನ್ನ ಕಣ್ಣಿದ್ದದ್ದು ಶನಿವಾರದ ಕೊನೆಯ ಪಿರಿಯಡ್ಡಿನ ಮೇಲೆ. ವೇಳಾಪಟ್ಟಿಯಲ್ಲಿ ಅದು ಚಿತ್ರಕಲೆ. ಹೆಡ್‌ಮಾಸ್ಟರು ಬೋರ್ಡಿನ ಮೇಲೆ ಒಂದು ಚಿತ್ರ ಬರೆಯುವುದು, ನಾಲ್ಕೂ ಕ್ಲಾಸಿನ ಮಕ್ಕಳು ಸ್ಲೇಟಿನ ಮೇಲೆ ಅದನ್ನೇ ಇಳಿಸುವುದು. ಮಾವಿನಹಣ್ಣು ಒಂದು ವಾರ, ಬಿಂದಿಗೆ ಒಂದು ವಾರ, ಬಾವುಟ ಒಂದು ವಾರ. ಅದರ ಮುಂದಿನ ವಾರ ಮತ್ತೆ ಮಾವಿನಹಣ್ಣು. ಆ ಊರಿನ ಸುತ್ತ ಎಲ್ಲೂ ಮಾವಿನ ಮರ ಇರಲಿಲ್ಲ, ಅದು ಬೇರೆ ಮಾತು.

ನಮ್ಮೂರ ಶಾಲೆಯಲ್ಲೂ ಅದೇ ಮಾವಿನಹಣ್ಣು. ಎರಡನೇ ಕ್ಲಾಸಿನಲ್ಲಿ ನಾನು ಕಚ್ಚಿದ ಮಾವಿನಹಣ್ಣು ಬರೆದಿದ್ದೆ, ಹಲ್ಲಿನ ಗುರುತು ಸಮೇತ. ಮೇಷ್ಟ್ರು ಸ್ಲೇಟು ಎತ್ತಿ ಹಿಡಿದು, "ಮಾವಿನಹಣ್ಣು ಬರಿ ಅಂದ್ರೆ ತಿಂದು ಬರ್ದೀಯಲ್ಲೇ! ಬರೀ ಗೊರಟೆ ಬರೀಲಿಲ್ವಲ್ಲ, ಅದೇ ಹೆಚ್ಚು!" ಎಂದು ಸೊನ್ನೆ ಹಾಕಿದರು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆಮೇಲೆ ಹೈಸ್ಕೂಲು ಮುಗಿಯುವ ತನಕ ಕಚ್ಚದ ಹಣ್ಣನ್ನೇ ಬರೆದೆ.

ಅದು ತಪ್ಪೆಂದು ನನಗೆ ತಿಳಿದದ್ದು ನ್ಯಾಮತಿಯಲ್ಲಿ. ಅಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ಹಾಸ್ಟೆಲ್ಲಿಗೆ ರಜೆ ಬಿಟ್ಟಾಗ ಅಲ್ಲಿಗೆ ಹೋಗುತ್ತಿದ್ದೆ. ಸಂತೆಯ ದಿನ ಸೂರಗೊಂಡನಕೊಪ್ಪದ ಕಡೆಯ ಲಂಬಾಣಿ ಹೆಂಗಸರು ಬರುತ್ತಿದ್ದರು. ಒಬ್ಬಾಕೆ ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತು ಕನ್ನಡಿ ಚೂರು ಕೂರಿಸಿ ಬಟ್ಟೆ ಹೊಲಿಯುತ್ತಿದ್ದಳು. ನೋಡಲು ಎದುರಿಗೆ ಯಾವ ಮಾದರಿಯೂ ಇರಲಿಲ್ಲ. "ಯಾವುದನ್ನ ನೋಡಿ ಹೊಲೀತೀಯಕ್ಕ?" ಎಂದು ಕೇಳಿದೆ. ಆಕೆ ದಾರ ಹಲ್ಲಿನಲ್ಲಿ ಕಡಿದು, "ನೋಡಿ ಹೊಲಿದ್ರೆ ಅದು ಮೊದ್ಲು ಹೊಲಿದಾಕಿದು ಆಗ್ತೈತೆ. ನಂದು ಹೆಂಗಾಗ್ತೈತೆ?" ಅಂದಳು. ಅಷ್ಟೇ. ಬಸ್ಸು ಬಂತು, ಹತ್ತಿ ಹೋದಳು.

ಹೆಡ್‌ಮಾಸ್ಟರನ್ನು ಶನಿವಾರದ ಪಿರಿಯಡ್ಡು ನನಗೆ ಬಿಟ್ಟುಕೊಡಿ ಎಂದು ಕೇಳಿದೆ. ಅವರಿಗೂ ಮಾವಿನಹಣ್ಣು ಸಾಕಾಗಿತ್ತೋ ಏನೋ, "ತಗೊಳ್ರಿ, ಗಲಾಟೆ ಒಂದು ಆಗಬಾರದು" ಎಂದು ಒಪ್ಪಿದರು.

ಸ್ಲೇಟು ಬೇಡ ಎಂದೆ. ಶನಿವಾರ ಬೆಳಿಗ್ಗೆ ಮಕ್ಕಳೇ ಶಾಲೆಯ ನೆಲ ಸಗಣಿ ಹಾಕಿ ಸಾರಿಸುವ ರೂಢಿ ಇತ್ತು. ಕೊನೆಯ ಪಿರಿಯಡ್ಡಿನ ಹೊತ್ತಿಗೆ ನೆಲ ಒಣಗಿ ಕಡುಹಸಿರಾಗಿ ಅಗಲವಾಗಿ ಬಿದ್ದಿರುತ್ತಿತ್ತು. ಅಷ್ಟು ದೊಡ್ಡ ಕಾಗದವನ್ನು ಯಾವ ಸರ್ಕಾರವೂ ಕೊಡಲಾರದು. ಬರೆಯಲಿಕ್ಕೆ ಇದ್ದಿಲು, ಸುಣ್ಣದ ಹೆಂಟೆ, ಕೆಮ್ಮಣ್ಣಿನ ಉಂಡೆ. ಹಸಿರಿಗೆ ಅವರೆ ಎಲೆ. ಪಾಪಾಸುಕಳ್ಳಿ ಹಣ್ಣಿನಿಂದ ಎಂಥ ಗಾಢ ಗುಲಾಬಿ ಬಣ್ಣ ಬರುತ್ತದೆಂದು ನನಗೆ ತೋರಿಸಿದ್ದೇ ಮಕ್ಕಳು. ಮುಂದಿನ ಶನಿವಾರ ಮತ್ತೆ ಸಾರಿಸಿದರೆ ಎಲ್ಲ ಮಾಯ. ಹಾಳಾಯಿತೆನ್ನುವ ಭಯ ಯಾರಿಗೂ ಇಲ್ಲ.

ಮೊದಲನೇ ಶನಿವಾರ ಎಲ್ಲರನ್ನೂ ಕೂರಿಸಿ ಧಾರಾಳವಾಗಿ ಹೇಳಿದೆ: "ನಿಮಗೆ ಬೇಕಾದ್ದು ಬರೀರಿ."

ಎಷ್ಟು ಸರಳ ಮಾತು! ಇಷ್ಟ ಬಂದದ್ದು ಬರೆಯಿರಿ ಎಂದು ನಾನು ಹೇಳಿದ್ದು. ಮಕ್ಕಳಿಗೆ ಕೇಳಿಸಿದ್ದು ಬೇರೆ. ಒಬ್ಬ ಸೀಮೆಎಣ್ಣೆ ಡಬ್ಬಿ ಬರೆದ. ಒಬ್ಬಳು ಚಪ್ಪಲಿ ಬರೆದಳು, ಎರಡು ಚಿಕ್ಕವು, ಎರಡು ದೊಡ್ಡವು; ದೊಡ್ಡವು ಅವ್ವನಿಗಂತೆ. ಒಬ್ಬ ಎಮ್ಮೆ ಬರೆದು, ಅದರ ಪಕ್ಕ ಚೊಂಬು ಬರೆದ. ಒಬ್ಬ ಮಾತ್ರ ಕೈ ಕಟ್ಟಿ ಕೂತಿದ್ದ. ಯಾಕೋ ಎಂದರೆ, "ನಂಗೇನೂ ಬ್ಯಾಡ ಟೀಚರ್" ಅಂದ.

ಸೋಮವಾರ ಬೆಳಿಗ್ಗೆ ಶಾಲೆಯ ಮುಂದೆ ನಾಲ್ಕಾರು ಜನ ಗಂಡಸರು ನಿಂತಿದ್ದರು. ಮುಂದೆ ಬಂದವನು ಊರಲ್ಲಿ ಸ್ವಲ್ಪ ಮಾತು ನಡೆಯುವ ಯಜಮಾನ.

"ಟೀಚರಮ್ಮ, ಸರ್ಕಾರದೋರು ಏನು ಬೇಕು ಅಂತ ಕೇಳ್ಯಾರಂತೆ?"

"ಯಾವ ಸರ್ಕಾರ ಯಜಮಾನ್ರೆ?"

"ಅದೇನ್ರಿ, ಬೇಕಾದ್ದು ಬರ್ಕೊಡ್ರಿ ಅಂದ್ರಂತಲ್ಲ. ನಮ್ಮ ಹುಡುಗ ಮುಂಡೇದು ಸೀಮೆಎಣ್ಣೆ ಡಬ್ಬಿ ಬರ್ದು ಬಂದೈತೆ. ಬೋರ್‌ವೆಲ್ ಬರೀಬೇಕಿತ್ತು! ಅದನ್ನ ಅಳಿಸಿ ಬೋರ್‌ವೆಲ್ ಬರ್ಸ್ರಿ."

"ಬಸ್ಸೂ ಒಂದು ಹಾಕ್ರಿ," ಹಿಂದಿನಿಂದ ಇನ್ನೊಬ್ಬ, "ಊರ ಒಳಗೆ ಬಂದು ಹೋಗಾ ಬಸ್ಸು."

"ನನ್ನ ಮಗ ಏನೂ ಬ್ಯಾಡ ಅಂದನಂತೆ. ಅವನ ಮಾತು ಕೇಳಬ್ಯಾಡ್ರಿ, ನಮಗೆಲ್ಲಾ ಬೇಕು!"

ಹೆಡ್‌ಮಾಸ್ಟರು ಹೊರಗೆ ಬಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಪ್ರಾರ್ಥನೆಯ ಹೊತ್ತು ಮೀರಿತು. ಒಳಗೆ ಬಂದು ಅವರು ನನ್ನನ್ನು ನೋಡಿದರು. ನಗು ತಡೆದು ಅವರ ಭುಜ ಕುಲುಕುತ್ತಿತ್ತು.

ಮುಂದಿನ ವಾರ ಹುಷಾರಾದೆ. "ನಿಮ್ಮ ತಲೇಲಿರೋದು ಬರೀರಿ" ಎಂದೆ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬಹಳ ಶ್ರದ್ಧೆಯಿಂದ ಹೇನು ಬರೆದಳು. ಕಾಲುಗಳೆಲ್ಲ ಸರಿಯಾಗಿದ್ದವು.

ಮೂರನೇ ವಾರದಿಂದ ನಾನು ವಿವರಿಸುವುದನ್ನೇ ಬಿಟ್ಟೆ. "ಬರೀರಿ" ಅಂದರೆ ಮುಗಿಯಿತು. "ಏನು ಬರೀಬೇಕು ಟೀಚರ್?" ಎಂದು ಕೇಳಿದರೆ "ನಂಗೊತ್ತಿಲ್ಲ" ಎನ್ನುತ್ತಿದ್ದೆ. ಮಕ್ಕಳು ಕಂಗಾಲಾದರು. ಟೀಚರಿಗೇ ಗೊತ್ತಿಲ್ಲವೆಂದರೆ ಏನು ಗತಿ! ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ಬಗ್ಗಿದ, ಇನ್ನೊಬ್ಬ ಬಗ್ಗಿದ. ಆ ದಿನ ನೆಲದ ಮೇಲೆ ಬಂದದ್ದನ್ನೆಲ್ಲ ನಾನು ಹೇಳಲಾರೆ. ಸೈಕಲ್ಲು ಹೊಡೆಯುವ ಓತಿಕೇತ ಇತ್ತು. ಮೂಗಿನಲ್ಲಿ ಸಿಂಬಳ ಸುರಿಯುವ ಸೂರ್ಯ ಇದ್ದ. ಒಬ್ಬ ಹೆಡ್‌ಮಾಸ್ಟರನ್ನೇ ಬರೆದಿದ್ದ, ಕನ್ನಡಕ ಮುಖಕ್ಕಿಂತ ದೊಡ್ಡದು. ಹೆಡ್‌ಮಾಸ್ಟರು ಬಂದು ನೋಡಿ, "ಕಿವಿ ಎಲ್ಲೋ?" ಎಂದರು. "ನಮ್ಮ ಮಾತು ನಿಮಗೆ ಕೇಳಾಕಿಲ್ವಲ್ಲ ಸಾರ್" ಎಂದ ಅವನು. ಹೊಡೆಯಲು ಕೈಯೆತ್ತಿದವರು ಆ ಕೈಯಿಂದ ತಮ್ಮ ಕಿವಿ ಮುಟ್ಟಿ ನೋಡಿಕೊಂಡು ಹೋದರು.

ಆ ದಿನವೇ ಮೂಲೆಯಲ್ಲಿ, ಕಂಬದ ಮರೆಯಲ್ಲಿ ನಮ್ಮ ಹುಡುಗಿಯೂ ಬಗ್ಗಿ ಕೂತಿದ್ದಳು. ಇದ್ದಿಲಿನಲ್ಲಿ ಒಂದು ಗುಡ್ಡದಂಥ ಆಕಾರ. ಒಳಗೆಲ್ಲ ಒತ್ತಾಗಿ ಗೀಚಿ ಕಪ್ಪು ತುಂಬಿದ್ದಳು. ಕೆಳಗೆ ನಾಲ್ಕು ಕಾಲು. ಸುತ್ತ ಸುಣ್ಣದಲ್ಲಿ ಚುಕ್ಕೆಗಳು.

"ಆಡು!" ಎಂದ ಪಕ್ಕದ ಹುಡುಗ.

ಹುಡುಗಿ ತಲೆ ಅಲ್ಲಾಡಿಸಿದಳು.

"ಆಡೇ ಕಣೇ, ನಾಕು ಕಾಲು ಐತಲ್ಲ. ಕರೇ ಆಡು."

ಮತ್ತೆ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಹೆಡ್‌ಮಾಸ್ಟರು ಸೀಮೆಸುಣ್ಣ ಹಿಡಿದು ಬಂದರು. ಹೆಸರಿಲ್ಲದ ಚಿತ್ರ ಅವರಿಗೆ ಆಗದು. ಓತಿಕೇತದ ಕೆಳಗೆ "ಓತಿಕೇತ", ಸೂರ್ಯನ ಕೆಳಗೆ "ಸೂರ್ಯ" ಎಂದು ದುಂಡಗೆ ಬರೆಯುತ್ತಾ ಬಂದವರು ಇದರ ಕೆಳಗೂ "ಆಡು" ಎಂದು ಬರೆದು ಮುಂದೆ ಹೋದರು. ಹುಡುಗಿ ಅಂಗೈಗೆ ಉಗುಳು ಹಚ್ಚಿ ಆ ಎರಡಕ್ಷರವನ್ನು ಒರೆಸಿ ಹಾಕಿದಳು. ಓದಲು ಬಾರದಿದ್ದರೂ ಏನು ಬರೆದಿದೆಯೆಂದು ಅವಳಿಗೆ ಗೊತ್ತಾಗಿತ್ತು.

ಇದೇನು ಎಂದು ನಾನೂ ಕೇಳಿದೆ. ಅವಳು ಇನ್ನಷ್ಟು ಸುಣ್ಣದ ಚುಕ್ಕೆ ಇಡುತ್ತಾ ಹೋದಳು.

ಮುಂದಿನ ಶನಿವಾರವೂ ಅದನ್ನೇ ಬರೆದಳು, ಇನ್ನೂ ದೊಡ್ಡದಾಗಿ. ಹುಡುಗರಿಗೆ ಹಬ್ಬ. ಅಕ್ಷರ ಬರುವವರೆಲ್ಲ ಇದ್ದಿಲು ಹಿಡಿದು ಬಂದು ಸುತ್ತಲೂ "ಆಡು", "ಆಡು", "ಆಡು" ಎಂದು ಬರೆದರು. ಒಬ್ಬ "ಮ್ಯಾ" ಎಂದು ಕೂಗಿದ. ಅವರನ್ನು ಗದರಿಸಿ ಓಡಿಸಲು ನಾನು ಎದ್ದೆ. ಆದರೆ ಹುಡುಗಿ ನನಗಿಂತ ಮೊದಲು ಎದ್ದು ನೇರ ನನ್ನ ಎದುರಿಗೆ ಬಂದು ನಿಂತಳು. ಮುಖ ಕೆಂಪಾಗಿತ್ತು, ಅಳು ಇರಲಿಲ್ಲ. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಒರಟು ದನಿ, ಕುರಿ ಕರೆದು ಕರೆದು ಗಟ್ಟಿಯಾದದ್ದು.

"ಟೀಚರ್, 'ಅಲ್ಲ' ಅಂತ ಬರೆಯಾದು ಹೆಂಗೆ?"

ಅವಳನ್ನು ಕೂರಿಸಿಕೊಂಡು ನೆಲದ ಮೇಲೆ ದೊಡ್ಡದಾಗಿ "ಅಲ್ಲ" ಎಂದು ಬರೆದು ತೋರಿಸಿದೆ. ಅವಳು ಅದರ ಮೇಲೆ ಬೆರಳಾಡಿಸಿದಳು. ಒತ್ತಕ್ಷರದ ಬಾಲ ಎರಡು ಸಲ ತಪ್ಪಿತು. ಹಲ್ಲು ಕಚ್ಚಿ ಮತ್ತೆ ಬರೆದಳು, ಬಂತು. ಅಲ್ಲಿಂದ ಎದ್ದು ಹೋಗಿ ತನ್ನ ಚಿತ್ರದ ಸುತ್ತ ಎಲ್ಲೆಲ್ಲಿ "ಆಡು" ಎಂದಿತ್ತೋ ಅದರ ಪಕ್ಕದಲ್ಲೆಲ್ಲ "ಅಲ್ಲ" ಎಂದು ಬರೆಯುತ್ತಾ ಹೋದಳು. ಆಡು ಅಲ್ಲ. ಆಡು ಅಲ್ಲ. ಆಡು ಅಲ್ಲ. ಹುಡುಗರು ನಗುವುದನ್ನು ಮರೆತು ನೋಡುತ್ತಾ ನಿಂತರು.

ಹೆಡ್‌ಮಾಸ್ಟರಿಗೆ ಮಾತ್ರ ಸಮಾಧಾನವಿಲ್ಲ. "ಏನ್ರಿ ಟೀಚರಮ್ಮ ಇದು? ಅ ಆ ಇ ಈ ಬಿಟ್ಟು ಯಾರಾದ್ರೂ ಒತ್ತಕ್ಷರದಿಂದ ಶುರು ಮಾಡ್ತಾರೇನ್ರಿ?"

"ಅ ಐತಲ್ಲ ಸಾರ್ 'ಅಲ್ಲ'ದಾಗೆ."

"ಮತ್ತೆ ಆ?"

"'ಆಡು'ವಿನಾಗೆ ಐತೆ."

ಅವರು ಬಗ್ಗಿ ಎರಡೂ ಅಕ್ಷರ ನೋಡಿಕೊಂಡು ಹೋದರು.

ಹುಡುಗರು ಸುಮ್ಮನಿರುವವರೇ? "ಆಡು ಅಲ್ಲ ಅಂದ್ರೆ ಮತ್ತೇನು? ಹೇಳು ನೋಡಾನ" ಎಂದು ಶುರು ಹಚ್ಚಿದರು. ಅವಳು ಹೇಳಲಿಲ್ಲ. ಬಾಯಲ್ಲಿ ಹೇಳಿದರೆ ಸೋತ ಹಾಗೆ ಎಂದು ಅವಳ ಹಟ. ನೆಲದ ಮೇಲೆ ಜಗಳ ಶುರುವಾಗಿದೆ, ನೆಲದ ಮೇಲೇ ತೀರಬೇಕು. ಸೋಮವಾರ ಶಾಲೆಗೆ ಬಂದಳು. ಮಂಗಳವಾರವೂ ಬಂದಳು. ಒಂದನೇ ಕ್ಲಾಸಿನ ಚಿಕ್ಕ ಮಕ್ಕಳ ನಡುವೆ ನನ್ನ ಮುಂದೆ ಬಂದು ಕೂತು, ತನಗೆ ಬೇಕಾದ ಅಕ್ಷರಗಳನ್ನು ಒಂದೊಂದಾಗಿ ಕೇಳಿ ತೆಗೆದುಕೊಂಡಳು. "ಕಂ" ಹೆಂಗೆ, "ಳಿ" ಹೆಂಗೆ, "ಮಳೆ"ಯ ಳೆಗೆ ಎತ್ವ ಎಲ್ಲಿ ಬರುತ್ತೆ. ವರ್ಣಮಾಲೆಯ ಕ್ರಮ ಅವಳಿಗೆ ಬೇಕಿರಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಬೇಕಾದವರು ಬದನೆಕಾಯಿಯವಳ ಮುಂದೆ ನಿಲ್ಲುತ್ತಾರೆಯೇ? ಹಾಗೆ.

ಕುರಿಗಳಿಗೆ ಯಾರು ಹೋಗುತ್ತಾರೆ ಎಂದು ಕೇಳಿದೆ. "ಮಧ್ಯಾಹ್ನದ ಮ್ಯಾಲೆ ನಾನೇ" ಅಂದಳು. ಬೆಳಿಗ್ಗೆ ಹೊತ್ತು ಅಜ್ಜಿ ಗೊಣಗಿಕೊಂಡು ಬೇಲಿಯ ತನಕ ಹೋಗಿ ಬರುತ್ತಿದ್ದಳಂತೆ.

ಕೆಲವು ವಾರ ಕಳೆದು ಒಂದು ಶನಿವಾರ ಅವಳು ಮತ್ತೆ ಆ ಕಪ್ಪು ಗುಡ್ಡ ಬರೆದಳು. ಹುಡುಗರು ಇದ್ದಿಲು ಹಿಡಿದು ತಯಾರಾಗಿದ್ದರು. ಅವಳು ಅವರಿಗೆ ಬೆನ್ನು ಹಾಕಿ, ತಾನೇ ಕೆಳಗೆ ಬರೆಯತೊಡಗಿದಳು. ಬಹಳ ಹೊತ್ತು ಹಿಡಿಯಿತು. ಮನೆಗೆ ಬಿಡುವ ಗಂಟೆ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ. ಅವಳು ಪಕ್ಕಕ್ಕೆ ಸರಿದ ಮೇಲೆ ನಾಲ್ಕನೇ ಕ್ಲಾಸಿನ ಒಬ್ಬ ಗಟ್ಟಿಯಾಗಿ ಓದಿದ:

"ಇದು ಆಡು ಅಲ್ಲ. ಕಂಬಳಿ. ಒಳಗೆ ಅಜ್ಜಿ ನಾನು. ಮಳೆ."

ಆಗ ನೋಡಿದರೆ ಎಲ್ಲ ಅಲ್ಲೇ ಇತ್ತು. ಸುಣ್ಣದ ಚುಕ್ಕೆ ಮಳೆ. ತಲೆಯ ಮೇಲಿಂದ ಹೊದ್ದ ಒಂದೇ ಕಂಬಳಿ ಕೊಪ್ಪೆಯೊಳಗೆ ಇಬ್ಬರು. ನಾಲ್ಕು ಕಾಲಿನಲ್ಲಿ ಎರಡು ಉದ್ದ, ಎರಡು ಗಿಡ್ಡ. ಉದ್ದದ ಕಾಲಿನಲ್ಲಿ ಕಡಗವನ್ನೂ ಬರೆದಿದ್ದಳು. ಮೊದಲ ದಿನದಿಂದಲೂ ಅದು ಹಾಗೇ ಇತ್ತು. ನಾವು ಕಾಲುಗಳನ್ನು ಎಣಿಸಿದ್ದೆವೇ ಹೊರತು ನೋಡಿರಲಿಲ್ಲ.

"ಹಂಗಾರೆ ಮುಖ ಯಾಕಿಲ್ಲ?" ಎಂದ ಒಬ್ಬ, ಸೋಲೊಪ್ಪದೆ.

"ಮಳೆ ಬರ್ತಾ ಐತಲ್ಲೋ ದಡ್ಡಾ," ಅಂದಳು ಹುಡುಗಿ, "ಮುಖ ಹೊರಗೆ ಹಾಕ್ಕೊಂಡು ಯಾರು ನಿಲ್ತಾರೆ?"

ಅಲ್ಲಿಗೆ ಅವಳ ಬಾಯಿ ತೆರೆಯಿತು. ತೆರೆದ ಮೇಲೆ ಮುಚ್ಚಿಸುವುದೇ ನಮಗೆ ಕಷ್ಟವಾಯಿತು. ಚಿತ್ರಗಳ ಕೆಳಗಿನ ಬರಹ ಉದ್ದವಾಗುತ್ತಾ ಹೋಯಿತು, ಬೇರೆ ಮಕ್ಕಳೂ ತಮ್ಮ ಚಿತ್ರಕ್ಕೆ ತಾವೇ ಬರೆಯತೊಡಗಿದರು. ಹೆಡ್‌ಮಾಸ್ಟರ ಸೀಮೆಸುಣ್ಣಕ್ಕೆ ಕೆಲಸ ತಪ್ಪಿತು. ಒಂದು ಶನಿವಾರ ಅವರು ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲವೆಂದುಕೊಂಡು ಜಗಲಿಯ ತುದಿಯಲ್ಲಿ ಕೂತು ಏನನ್ನೋ ಬರೆಯುತ್ತಿದ್ದರು. ಹೋಗಿ ನೋಡಿದೆ. ಮಾವಿನಹಣ್ಣು. ಆದರೆ ಅದರ ಮೇಲೊಂದು ಗಿಳಿ ಬಂದು ಕೂತಿತ್ತು.

ಆದರೂ ಪರೀಕ್ಷೆ ಎಂಬುದೊಂದು ಇದ್ದೇ ಇತ್ತು. ನಾಲ್ಕನೇ ಕ್ಲಾಸಿನ ಪರೀಕ್ಷೆ ಮಾಡಿ, ತಿದ್ದಿ, ಪಾಸು ನಪಾಸು ಬರೆಯುವವರು ಹೆಡ್‌ಮಾಸ್ಟರು. ಅದರಲ್ಲಿ ಅವರು ಯಾರ ಮುಲಾಜಿಗೂ ಬಗ್ಗುವವರಲ್ಲ. "ನೆಲದ ಮ್ಯಾಲೆ ಬರೆದ್ರೆ ಆಗಲ್ರಿ, ಕಾಗದದ ಮ್ಯಾಲೆ ಬರೀಬೇಕು" ಎಂದು ಮೊದಲೇ ಹೇಳಿಬಿಟ್ಟರು. ಲೆಕ್ಕದ ಬಗ್ಗೆ ನನಗೆ ಅಂಜಿಕೆ ಇರಲಿಲ್ಲ. ಕುರಿ ಎಣಿಸಿ ದೊಡ್ಡಿಗೆ ಸೇರಿಸುವ ಮನೆಯವಳು. ಅಂಜಿಕೆಯಿದ್ದದ್ದು ಕನ್ನಡದ ಬಗ್ಗೆ. ಅದರಲ್ಲೂ ಐದು ವಾಕ್ಯದ ಪ್ರಬಂಧದ ಬಗ್ಗೆ.

ಪ್ರಬಂಧ ಪ್ರತಿ ವರ್ಷ ಒಂದೇ: ನಮ್ಮ ಊರು. ಹೆಡ್‌ಮಾಸ್ಟರು ಅದನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದರು. "ನಮ್ಮ ಊರು ಸುಂದರವಾಗಿದೆ. ಊರಿನ ಪಕ್ಕದಲ್ಲಿ ನದಿ ಹರಿಯುತ್ತದೆ. ನದಿಯ ದಡದಲ್ಲಿ ತೆಂಗಿನ ತೋಟಗಳಿವೆ..." ನಾನು ಒಮ್ಮೆ ಕೇಳಿದ್ದೆ, "ನದಿ ಎಲ್ಲೈತೆ ಸಾರ್ ಇಲ್ಲಿ?" ಎಂದು.

"ಪ್ರಬಂಧದಾಗೆ ನದಿ ಇರಬೇಕು ಟೀಚರಮ್ಮ" ಎಂದಿದ್ದರು.

ಹುಡುಗಿಗೆ ಬಾಯಿಪಾಠ ಹತ್ತಲೇ ಇಲ್ಲ. ಎಷ್ಟು ಸಲ ಹೇಳಿಸಿದರೂ ಎರಡನೇ ವಾಕ್ಯಕ್ಕೆ ನಿಂತು, "ಯಾವ ನದಿ?" ಎಂದು ಕೇಳುತ್ತಿದ್ದಳು. ಈ ಒಂದು ನದಿ ದಾಟಿದರೆ ಸಾಕಿತ್ತು, ಐದನೇ ಕ್ಲಾಸು ಆಚೆ ದಡದಲ್ಲಿತ್ತು.

ಪರೀಕ್ಷೆಯ ದಿನ ಅವಳು ತಲೆ ಎತ್ತದೆ ಬರೆದಳು. ಸಂಜೆ ಹೆಡ್‌ಮಾಸ್ಟರು ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ತಿದ್ದಲು ಕೂತರು. ನಾನು ಮನೆಗೆ ಹೋಗಬಹುದಿದ್ದರೂ ಹೋಗದೆ ಅಲ್ಲೇ ಬೆಂಚಿನ ಮೇಲೆ ಕೂತೆ. ಒಂದಾದ ಮೇಲೊಂದು ಹಾಳೆಯಲ್ಲಿ ನದಿ ಹರಿಯಿತು, ತೆಂಗು ಬೆಳೆಯಿತು. ಅವರ ಕೆಂಪು ಪೆನ್ನು ಓದದೆಯೇ ಸರಿ ಹಾಕುತ್ತಿತ್ತು. ಒಂದು ಹಾಳೆಯ ಹತ್ತಿರ ಪೆನ್ನು ನಿಂತಿತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಂತರ ನಿಧಾನವಾಗಿ, ನನಗೆ ಕೇಳಿಸುವಂತೆ ಓದಿದರು. ಕಾಗುಣಿತವನ್ನು ನಾನು ಸರಿ ಮಾಡಿ ಕೊಡುತ್ತಿದ್ದೇನೆ, ಮಾತು ಅವಳದೇ:

"ನಮ್ಮ ಊರಲ್ಲಿ ನದಿ ಇಲ್ಲ. ತೆಂಗು ಇಲ್ಲ. ಜಾಲಿ ಮರ ಇದೆ. ಜಾಲಿ ಕಾಯಿ ಕುರಿಗೆ ಬಹಳ ಇಷ್ಟ. ನಮ್ಮ ಊರು ಚೆಂದ ಅಲ್ಲ ಅಂತ ಯಾರೂ ಅನ್ನಬಾರದು."

ಹೆಡ್‌ಮಾಸ್ಟರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಬಯಲನ್ನು ನೋಡಿದರು. ಜಾಲಿ ಮರಗಳ ಕೆಳಗೆ ಯಾರದೋ ಕುರಿಗಳು ಮೇಯುತ್ತಿದ್ದವು.

"ತಪ್ಪು ಬಹಳ ಇದಾವ ಸಾರ್?" ಎಂದೆ. ನನ್ನ ಬಿ.ಎ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಉಸಿರು ಹಿಡಿದು ಕೂತಿರಲಿಲ್ಲ.

"ಕಾಗುಣಿತ ತಪ್ಪೈತೆ," ಎಂದರು. "ಮಾತು ಒಂದೂ ತಪ್ಪಿಲ್ಲ." ಆಮೇಲೆ ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನಾನು ಎಷ್ಟು ವರ್ಷದಿಂದ ಈ ಊರಾಗೆ ನದಿ ಹರಿಸ್ತಾ ಇದೀನಿ ನೋಡ್ರಿ ಟೀಚರಮ್ಮ! ಒಂದು ಕೊಡ ನೀರು ಸಿಗಲಿಲ್ಲ ಯಾರಿಗೂ!"

ಕೆಂಪು ಪೆನ್ನಿನಿಂದ ಕಾಗುಣಿತದ ತಪ್ಪುಗಳಿಗೆಲ್ಲ ಸುತ್ತು ಹಾಕಿದರು, ಒಂದನ್ನೂ ಬಿಡಲಿಲ್ಲ. ಅಂಕ ಕಳೆದರು. ಕಳೆದ ಮೇಲೂ ಅವಳು ಪಾಸಾಗಿದ್ದಳು. ಧಾರಾಳತನದಿಂದಲ್ಲ, ಲೆಕ್ಕ ಹಾಕಿಯೇ. ಅದು ನನಗೆ ಇನ್ನೂ ಹೆಚ್ಚು ಸಂತೋಷ ಕೊಟ್ಟಿತು. ನನಗೂ ಜೀವನದಲ್ಲಿ ಯಾರೂ ಧಾರಾಳವಾಗಿ ಅಂಕ ಕೊಟ್ಟಿಲ್ಲ.

ಮಕ್ಕಳಲ್ಲಿ ಕಲೆ ಬೆಳೆಸುವುದು, ಸ್ವಂತಿಕೆ ಬೆಳೆಸುವುದು ಎಂದು ಆಮೇಲಿನ ತರಬೇತಿಗಳಲ್ಲಿ ನಾನೂ ಬಹಳ ಕೇಳಿದ್ದೇನೆ, ಹೇಳಿದ್ದೇನೆ. ಆ ದಿನಗಳಲ್ಲಿ ಅಂಥ ಮಾತು ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ಸಾರಿಸಿದ ನೆಲ, ಒಂದು ಪಿರಿಯಡ್ಡು. ಆ ಹುಡುಗಿ ಚಿತ್ರಗಾರ್ತಿಯಾಗಲೂ ಇಲ್ಲ. ಅವಳಿಗೆ ಬೇಕಿದ್ದದ್ದು ತಾನು ಬರೆದದ್ದನ್ನು ಬೇರೆಯವರು ಆಡು ಎಂದರೆ ಅಲ್ಲ ಎನ್ನುವಷ್ಟು ಅಕ್ಷರ.

ಬೇಸಿಗೆ ರಜೆ ಶುರುವಾಗುವ ಮುಂಚೆ ಟೀಸಿ ತೆಗೆದುಕೊಂಡು ಹೋಗಲು ಅಜ್ಜಿಗೆ ಹೇಳಿ ಕಳಿಸಿದೆವು. ಬರುವುದಿಲ್ಲವೇನೋ ಎಂದು ನನಗೆ ಒಳಗೊಳಗೇ ಅಳುಕಿತ್ತು. ಪಾಸಾದರೆ ಕಳಿಸುತ್ತೇನೆ ಎಂದದ್ದು ಪಾಸಾಗುವುದಿಲ್ಲವೆಂಬ ಧೈರ್ಯದ ಮೇಲೆ. ಹುಡುಗಿಯ ಅಪ್ಪ ಅವ್ವ ಇನ್ನೂ ಹಿಂಡಿನ ಜೊತೆ ನಾಲೆಯ ಕಡೆಯೇ ಇದ್ದರು. ಮನೆಯಲ್ಲಿ ಈ ಸಲ ಮರಿಗಳು ಹೆಚ್ಚಾಗಿದ್ದವು.

ಅಜ್ಜಿ ಬಂದಳು, ಒಗೆದ ಸೀರೆ ಉಟ್ಟು, ಮೊಮ್ಮಗಳ ಕೈ ಹಿಡಿದುಕೊಂಡು. ಹೆಡ್‌ಮಾಸ್ಟರು ಟೀಸಿಗೆ ಸೀಲು ಒತ್ತಿ, ಬಾಯಿಂದ ಊದಿ ಒಣಗಿಸಿ, ಎದ್ದು ನಿಂತು ಅಜ್ಜಿಯ ಕೈಗೆ ಕೊಟ್ಟರು.

"ಪಾಸಾಗ್ಯಾಳಮ್ಮ ನಿನ್ನ ಮೊಮ್ಮಗಳು. ಶಾಲೆ ಶುರುವಾದ ದಿನಾನೇ ಇದನ್ನ ಆ ಊರ ಹೆಡ್‌ಮಾಸ್ಟರಿಗೆ ಕೊಡ್ಬೇಕು. ಮಡಚಿ ಹರೀಬ್ಯಾಡ."

ಅಜ್ಜಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿಂದ ಕೆಳಗೆ ನೋಡಿ, ತಿರುಗಿಸಿ ಹಿಂದೆಯೂ ನೋಡಿದಳು.

"ಅದೆಲ್ಲ ಸರಿ," ಎಂದರು ಹೆಡ್‌ಮಾಸ್ಟರು, ಕೇಳಬಾರದೆಂದು ನಾನು ಕಣ್ಣಲ್ಲೇ ಹೇಳುತ್ತಿದ್ದರೂ, "ಮರಿ ಕುರಿ ಯಾರು ಕಾಯ್ತಾರೆ ಮತ್ತೆ?"

"ಯಾಕ್ರಿ, ನಾನು ಸತ್ತಿದೀನೇನ್ರಿ? ನಾನು ಕಾಯ್ತೀನಿ," ಅಂದಳು ಅಜ್ಜಿ. "ಅವಳಿಗೆಲ್ಲಿ ಪುರುಸೊತ್ತೈತೆ?"